ಸೇನೆಯ ಪದವಿ ಸರ್ಟಿಫಿಕೇಟ್ ಡಿಗ್ರಿ ಅಲ್ಲ

"ಸೇನೆಯಲ್ಲಿ 15 ವರ್ಷ ಮುಗಿಸಿದವರಿಗೆ ಡಿಗ್ರಿ ಕೊಡ್ತಾರೆ, ಮತ್ತೆ ಓದೋದೇ ಬೇಡ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ: ಸೇನೆ ಕೊಡುವುದು ಒಂದು ಸರ್ಟಿಫಿಕೇಟ್, ವಿಶ್ವವಿದ್ಯಾಲಯದ ಡಿಗ್ರಿ ಅಲ್ಲ.

ಎಸ್‌ಎಸ್‌ಎಲ್‌ಸಿ ಪಾಸಾಗಿ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರಿಗೆ ಕೇಂದ್ರ ಸರ್ಕಾರದ ನಿಯಮದಲ್ಲಿ ಒಂದು ಸವಲತ್ತಿದೆ. ಅವರಿಗೆ ಮೀಸಲಾದ ಗ್ರೂಪ್ ಸಿ ಹುದ್ದೆಗೆ ಪದವಿ ಕೇಳಿದ್ದರೂ ಅರ್ಜಿ ಹಾಕಬಹುದು. ಅದೂ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಿಲ್ಲದ ಹುದ್ದೆಗಳಿಗೆ. ಬ್ಯಾಂಕು, ಕಚೇರಿ ಕೆಲಸ ಹುಡುಕುವವರಿಗೆ ಇದು ದೊಡ್ಡ ಆಸರೆ, ಅದನ್ನು ಕಡೆಗಣಿಸಬೇಡಿ.

ಆದರೆ ಮೇಷ್ಟ್ರಾಗಬೇಕು, ವಕೀಲರಾಗಬೇಕು ಅಂತ ಇದ್ದರೆ? ಎರಡು ವರ್ಷದ ಬಿ.ಎಡ್‌ಗೂ ಮೂರು ವರ್ಷದ ಎಲ್‌ಎಲ್‌ಬಿಗೂ ವಿಶ್ವವಿದ್ಯಾಲಯದ ಪದವಿಯೇ ಬೇಕು. ಸೇನೆಯ ಆ ಸರ್ಟಿಫಿಕೇಟ್‌ನಲ್ಲಿ ವಿಷಯವೂ ಇರುವುದಿಲ್ಲ, ಅಂಕಪಟ್ಟಿಯೂ ಇರುವುದಿಲ್ಲ. ಇದನ್ನೇ ನಂಬಿ ಶುಲ್ಕ ಕಟ್ಟಿದರೆ ದಾಖಲೆ ಪರಿಶೀಲನೆಯಲ್ಲೇ ತೊಂದರೆಯಾಗುತ್ತದೆ. ಇಷ್ಟು ವರ್ಷ ದುಡಿದು ಬಂದವರಿಗೆ ಹೀಗಾಗಬಾರದು ಅಲ್ವಾ?

ಪಿಯುಸಿ ಆಗಿಲ್ಲದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 12ನೇ ತರಗತಿ ಮುಗಿಸಬಹುದು, ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಆಮೇಲೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಪದವಿ ಮಾಡಬಹುದು. ಸೇವೆಯಲ್ಲಿರುವಾಗಲೇ ಶುರು ಮಾಡಿದರೆ ಇನ್ನೂ ಒಳ್ಳೆಯದು.