ಪಕ್ಕದ ಮನೆಯೇ ಶಾಲೆ

ನಮ್ಮ ಪಕ್ಕದ ಮನೆಯಲ್ಲಿ ನಾಲ್ಕು ಮಕ್ಕಳು. ಒಬ್ಬರೂ ಶಾಲೆಗೆ ಹೋಗುವುದಿಲ್ಲ. ನಾವು ಈ ಮನೆಗೆ ಬಂದ ಹೊಸದರಲ್ಲಿ ಇದು ಗೊತ್ತಿರಲಿಲ್ಲ. ಹಳದಿ ಬಸ್ಸು ಬಂದು ನನ್ನ ಮಗಳನ್ನು ಹತ್ತಿಸಿಕೊಂಡು ಹೋದ ಮೇಲೂ ಬೇಲಿಯಾಚೆ ಒಬ್ಬ ಹುಡುಗ ಕೋಳಿ ಅಟ್ಟಿಸಿಕೊಂಡು ಓಡುತ್ತಿರುತ್ತಿದ್ದ. ಪಾಪ, ಹುಷಾರಿಲ್ಲವೇನೋ ಅಂದುಕೊಂಡೆ. ಮಾರನೇ ದಿನವೂ ಓಡುತ್ತಿದ್ದ. ಅದರ ಮಾರನೇ ದಿನವೂ. ಹುಷಾರಿಲ್ಲದ ಹುಡುಗ ಅಷ್ಟು ಜೋರಾಗಿ ಓಡುವುದಿಲ್ಲ ಅಲ್ವಾ?

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ. ಆಮಿಶ್ ಅನ್ನುವ ಕ್ರೈಸ್ತ ಪಂಥದ ಜನ ಇವತ್ತಿಗೂ ಕುದುರೆಗಾಡಿಯಲ್ಲಿ ಓಡಾಡುವ ಸೀಮೆ. ಅವರ ಮಕ್ಕಳು ಎಂಟನೇ ತರಗತಿಗೆ ಓದು ಮುಗಿಸಿ ಹೊಲಕ್ಕೋ ಬಡಗಿ ಕೆಲಸಕ್ಕೋ ಇಳಿಯುತ್ತಾರೆ. 1972ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಪಕ್ಕದ ಮನೆಯವರೂ ಅದೇ ಪೈಕಿ ಇರಬೇಕು ಅಂತ ನಾನು ಊಹಿಸಿದ್ದೆ. ಅಲ್ಲ. ಗಂಡ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವನು, ನನ್ನ ಹಾಗೆಯೇ. ಹೆಂಡತಿ ಮೊದಲು ನರ್ಸ್ ಆಗಿದ್ದವರು. ಎರಡನೇ ಮಗು ಆದ ಮೇಲೆ ಕೆಲಸ ಬಿಟ್ಟರು. ಮಕ್ಕಳಿಗೆ ಪಾಠ ಅವರದೇ, ಮನೆಯಲ್ಲೇ.

ನನಗೆ ಮೊದಲು ಬಂದದ್ದು ನಗು. ಆಮೇಲೆ ಸ್ವಲ್ಪ ಸಿಟ್ಟು. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯವನು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಸಂಕ ದಾಟಿ, ಮೂರು ಮೈಲಿ ನಡೆದು ಶಾಲೆಗೆ ಹೋದವನು. ಬಾಗಿಲಿಗೇ ಬಸ್ಸು ಬರುವ ಊರಲ್ಲಿ ಶಾಲೆ ಬೇಡ ಅನ್ನುವವರನ್ನು ಕಂಡರೆ ಹೇಗಾಗಬೇಡ!

ಆದರೆ ಇವರು ಸುಮ್ನೆ ಮನೆಯಲ್ಲಿ ಕೂರಿಸಿಕೊಂಡಿಲ್ಲ. ಈ ರಾಜ್ಯದ ಕಾನೂನು ಅಷ್ಟು ಸಲೀಸಲ್ಲ. ಪ್ರತಿ ವರ್ಷ ಆಗಸ್ಟ್ 1ರೊಳಗೆ ನೋಟರಿ ಮಾಡಿಸಿದ ಪ್ರಮಾಣಪತ್ರವನ್ನು ಆಯಾ ಪ್ರದೇಶದ ಶಾಲಾ ಆಡಳಿತಕ್ಕೆ ಕೊಡಬೇಕು. ವರ್ಷಕ್ಕೆ 180 ದಿನ ಪಾಠ ಆಗಲೇಬೇಕು. ಗಂಟೆ ಲೆಕ್ಕದಲ್ಲಾದರೆ ಚಿಕ್ಕವರಿಗೆ 900, ದೊಡ್ಡವರಿಗೆ 990. ಮೂರು, ಐದು ಮತ್ತು ಎಂಟನೇ ತರಗತಿಯಲ್ಲಿ ಪರೀಕ್ಷೆ ಉಂಟು. ಓದಿದ ಪುಸ್ತಕ, ಬರೆದ ಹಾಳೆ ಎಲ್ಲ ಕಡತದಲ್ಲಿ ಜೋಡಿಸಿಡಬೇಕು. ವರ್ಷದ ಕೊನೆಗೆ ಅರ್ಹತೆಯಿರುವ ಒಬ್ಬರು ಕಡತ ನೋಡಿ, ಮಗುವನ್ನು ಮಾತಾಡಿಸಿ, ಸರಿಯಾಗಿ ಕಲಿತಿದೆ ಅಂತ ಬರೆದುಕೊಡಬೇಕು. ನದಿ ದಾಟಿ ನ್ಯೂಜೆರ್ಸಿಗೆ ಹೋದರೆ ಇದ್ಯಾವುದೂ ಇಲ್ಲ, ಯಾರಿಗೂ ತಿಳಿಸಬೇಕಾಗಿಯೂ ಇಲ್ಲ. ಒಂದೇ ದೇಶ, ಎರಡು ರೀತಿ.

ಕಲಿಸಬೇಕಾದ ವಿಷಯಗಳ ಪಟ್ಟಿಯಲ್ಲಿ ಒಂದು ನನಗೆ ಬಹಳ ಹಿಡಿಸಿತು. ಗಣಿತ, ಇತಿಹಾಸ, ಭೂಗೋಳದ ಜೊತೆಗೆ ಬೆಂಕಿಯ ಅಪಾಯದ ಬಗ್ಗೆಯೂ ಬಿಡದೆ ಕಲಿಸಬೇಕು ಅಂತ ಕಾನೂನಿನಲ್ಲೇ ಇದೆ. ಒಲೆ ಮುಂದೆ ಕೂತು ಬೆಳೆದ ನಮಗೆ ಇದು ಪಾಠ ಅಂತಲೇ ಹೊಳೆಯುವುದಿಲ್ಲ. ಬಚ್ಚಲೊಲೆಗೆ ಬೆಂಕಿ ಹಾಕಲು ಬರದ ಮಗುವೇ ನಮ್ಮೂರಲ್ಲಿ ಇರಲಿಲ್ಲ. ನನ್ನ ಮಗಳಿಗೆ ಮಾತ್ರ ಹನ್ನೊಂದು ವರ್ಷವಾದರೂ ಬೆಂಕಿಕಡ್ಡಿ ಗೀರಲು ಬರುತ್ತಿರಲಿಲ್ಲ. ಅದನ್ನು ಕಲಿತದ್ದು ಪಕ್ಕದ ಮನೆಯಲ್ಲಿ, ಒಂದು ಸೋಮವಾರ.

ಅವರ ವಾರ ಶುರುವಾಗುವುದು ಕೋಳಿಗೂಡಿನಿಂದ. ನೀರು, ಕಾಳು, ಮೊಟ್ಟೆ ಎಣಿಕೆ. ಎರಡನೆಯ ಹುಡುಗ ಮೊಟ್ಟೆಯ ಲೆಕ್ಕವನ್ನು ಗ್ರಾಫ್ ಹಾಳೆಯಲ್ಲಿ ಬರೆದಿಟ್ಟಿದ್ದಾನೆ. ನವೆಂಬರಿನಿಂದ ಗೆರೆ ಕೆಳಗೆ ಜಾರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಗೆರೆ, ಆ ದಿನದ ಹಗಲು ಎಷ್ಟು ಗಂಟೆ ಅಂತ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಒಂಬತ್ತೂಕಾಲು ಗಂಟೆಯ ಆಸುಪಾಸು. ಬೆಳಕು ಕಮ್ಮಿಯಾದರೆ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಎರಡೂ ಗೆರೆ ಒಟ್ಟೊಟ್ಟಿಗೇ ಇಳಿಯುವುದನ್ನು ಅವನು ಬೆರಳಿಟ್ಟು ತೋರಿಸಿದ. ಅವನಿಗೆ ಆಗ ಒಂಬತ್ತು ವರ್ಷ.

ಕೋಳಿ ಕೆಲಸ ಮುಗಿದ ಮೇಲೆ ಊಟದ ಮೇಜಿನ ಮೇಲೆ ಗಣಿತ. ದೊಡ್ಡ ಹುಡುಗಿ ಚಿಕ್ಕವನಿಗೆ ಓದಿಸುತ್ತಾಳೆ, ನಡುವೆ ಅಮ್ಮ ಬಟ್ಟೆ ಒಗೆಯುವ ಮೆಷೀನಿಗೆ ಹೋಗಿ ಬರುತ್ತಾರೆ. ಮಂಗಳವಾರ ಲೈಬ್ರರಿ. ಬುಧವಾರ ಇಂಥದೇ ಹತ್ತಾರು ಮನೆಯವರು ಒಂದು ಚರ್ಚಿನ ಹಾಲ್‌ನಲ್ಲಿ ಸೇರುತ್ತಾರೆ, ಒಬ್ಬ ತಾಯಿ ಜೀವಶಾಸ್ತ್ರ, ಇನ್ನೊಬ್ಬರು ಹಾಡು. ಉಳಿದ ದಿನ ಮತ್ತೆ ಮೇಜು, ಅಡುಗೆಮನೆ, ತೋಟ. ಶುಕ್ರವಾರದ ಮಧ್ಯಾಹ್ನಕ್ಕೆ ಏನೂ ಬರೆದಿಟ್ಟಿರುವುದಿಲ್ಲ. ಸಾಮಾನ್ಯವಾಗಿ ಆ ಹೊತ್ತಿಗೆ ಮನೆ ರಣರಂಗ.

ತೋಟದ್ದು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಮೇ ನಡುವಿನ ತನಕ ಹಿಮದ ಭಯ. ಟೊಮೆಟೊ, ಬದನೆ ಸಸಿಗಳನ್ನು ಮಾರ್ಚಿನಲ್ಲೇ ಮನೆಯೊಳಗೆ ಟ್ರೇಯಲ್ಲಿ ಎಬ್ಬಿಸಿ, ಬೆಚ್ಚಗಾದ ಮೇಲೆ ಹೊರಗೆ ಇಳಿಸಬೇಕು. ಬಟಾಣಿಗೆ ಚಳಿ ಆಗಿಬರುತ್ತದೆ, ಅದನ್ನು ಮೊದಲೇ ಹಾಕಬಹುದು. ಬೆಳ್ಳುಳ್ಳಿಯದು ತಲೆಕೆಳಗು. ಅಕ್ಟೋಬರಿನಲ್ಲಿ ಎಸಳು ಊರಿ, ಚಳಿಗಾಲವಿಡೀ ಮಣ್ಣೊಳಗೆ ಬಿಟ್ಟು, ಜುಲೈಯಲ್ಲಿ ಕೀಳುವುದು. ಒಂದು ಎಸಳಿಗೆ ಒಂದು ಗೆಡ್ಡೆ. ಒಂದು ಸಲ ಅವರು 60 ಊರಿದ್ದರು, 57 ಸಿಕ್ಕಿತು. ನೂರಕ್ಕೆ ಎಷ್ಟು ಬಂತು ಅಂತ ಆ ಹುಡುಗ ಮಣ್ಣಿನ ಕೈಯಲ್ಲೇ ಹಲಗೆಯ ಮೇಲೆ ಲೆಕ್ಕ ಮಾಡುತ್ತಿದ್ದ. ತೊಂಬತ್ತೈದು ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಅವನ ಅಮ್ಮ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಬಟಾಣಿಯನ್ನು ಮಾತ್ರ ಪ್ರತಿ ವರ್ಷ ಗ್ರೌಂಡ್‌ಹಾಗ್ ತಿಂದು ಹಾಕುತ್ತದೆ. ದಪ್ಪ ಹೆಗ್ಗಣದಂಥ ಪ್ರಾಣಿ. ಇದೇ ರಾಜ್ಯದ ಪಂಕ್ಸಟಾನಿ ಊರಲ್ಲಿ ಫೆಬ್ರವರಿ 2ರಂದು ಅದನ್ನು ಬಿಲದಿಂದ ಎತ್ತಿ, ಚಳಿ ಇನ್ನೆಷ್ಟು ವಾರ ಅಂತ ಭವಿಷ್ಯ ಕೇಳುತ್ತಾರೆ. 1887ರಿಂದ ನಡೆದುಬಂದ ಸಂಭ್ರಮ. ಆ ಒಂದು ದಿನ ದೇವರು, ಉಳಿದ ದಿನ ಶಾಪ. ನಮ್ಮೂರಿನ ಮಂಗಗಳ ಕಥೆಯೂ ಹೆಚ್ಚುಕಮ್ಮಿ ಇದೇ, ಬಿಡಿ.

ಇಷ್ಟೆಲ್ಲ ನೋಡಿ ನನಗೆ ಕುಟುಕಿದ್ದು ಬೇರೆ. ತೋಟ, ದನ, ಕೋಳಿ ನಮಗೇನು ಹೊಸದೇ? ಇವರಿಗಿಂತ ಹತ್ತು ಪಾಲು ಜಾಸ್ತಿ ಕೆಲಸ ನಮ್ಮ ಮನೆಯಲ್ಲಿತ್ತು. ಆದರೆ ನಮ್ಮಲ್ಲಿ ಓದು ಬೇರೆ, ಕೆಲಸ ಬೇರೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಎಲ್ಲರೂ ಸಾಲಾಗಿ ಕೂತಿರುವಾಗ ಅಮ್ಮ ನನ್ನೊಬ್ಬನನ್ನು ಎಬ್ಬಿಸುತ್ತಿದ್ದಳು. ‘ನೀ ಓದ್ಕೋ ಹೋಗು, ಇದೆಲ್ಲ ಇದ್ದಿದ್ದೇ.’ ಓದುವುದು ಅಂದರೆ ಕೆಲಸದಿಂದ ಸಿಗುವ ರಜೆ. ಚೆನ್ನಾಗಿ ಓದಿದವನಿಗೆ ಬಹುಮಾನ ಏನು ಅಂದರೆ ತೋಟಕ್ಕೆ ಇಳಿಯಬೇಕಾಗಿಲ್ಲ ಅನ್ನುವುದು.

ಒಂದು ಉದಾಹರಣೆ ಕೊಡುತ್ತೇನೆ. ಮಳೆಗಾಲ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ಅನ್ನುವ ಔಷಧಿ ಹೊಡೆಸುತ್ತೇವೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಪ್ಪಯ್ಯ ಡ್ರಮ್ಮಿನಲ್ಲಿ ಅದನ್ನು ಕದಡಿ, ಕೊನೆಗೌಡ ಔಷಧಿ ಹೊಡೆಯಲು ಮರ ಹತ್ತುವ ಮುಂಚೆ, ಮೊನೆ ತಿಕ್ಕಿದ ಕತ್ತಿಯನ್ನು ಒಂದು ಗಳಿಗೆ ಅದ್ದಿ ಎತ್ತುತ್ತಿದ್ದ. ಕತ್ತಿಯ ಮೇಲೆ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಸುರಿಯುವುದು. ಕೂರದಿದ್ದರೆ ಹದವಾಯಿತು. ಇದನ್ನು ನಾನು ಎಷ್ಟು ವರ್ಷ ನೋಡಿದ್ದೇನೋ. ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಹಾಕಿ, ಕಬ್ಬಿಣವು ತಾಮ್ರವನ್ನು ಹೊರದೂಡುತ್ತದೆ, ಮೊಳೆಯ ಮೇಲೆ ಕೆಂಪಗೆ ಕೂರುವುದು ಅದೇ ತಾಮ್ರ ಅಂದರು. ನಾನು ಸಮೀಕರಣ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಬರೆದೆ, ಅಂಕವೂ ಬಂತು. ಮೈಲುತುತ್ತವೇ ತಾಮ್ರದ ಸಲ್ಫೇಟು, ಮೇಷ್ಟ್ರ ಮೊಳೆಯೇ ಅಪ್ಪಯ್ಯನ ಕತ್ತಿ ಅಂತ ನನಗೆ ಹೊಳೆದದ್ದು ಮೂವತ್ತು ದಾಟಿದ ಮೇಲೆ, ಈ ದೇಶದಲ್ಲಿ. ಪೆದ್ದನಾಗಿದ್ದೆ ಅಂತಲ್ಲ. ಎರಡನ್ನೂ ಒಂದೇ ಕಡೆ ಇಟ್ಟು ನೋಡು ಅಂತ ಶಾಲೆಯೂ ಹೇಳಲಿಲ್ಲ, ಮನೆಯೂ ಹೇಳಲಿಲ್ಲ.

ಪಕ್ಕದ ಮನೆಯಲ್ಲಿ ಈ ಗೋಡೆ ಇಲ್ಲ. ಅವರನ್ನು ನಾನು ಮೆಚ್ಚುವುದು ಇಷ್ಟಕ್ಕೇ.

ಹಾಗಂತ ಇದೇ ಸರಿ, ನಮ್ಮವರೂ ಮಕ್ಕಳನ್ನು ಶಾಲೆ ಬಿಡಿಸಲಿ ಅಂತ ನಾನು ಹೇಳುವುದಿಲ್ಲ. ನನ್ನ ಅತ್ತೆ, ಅಪ್ಪಯ್ಯನ ತಂಗಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಟ್ಟವಳೇನು, ಬಿಡಿಸಿದರು. ಮನೆಯಲ್ಲೇ ಕಲಿಯಲಿ ಅಂದರಂತೆ. ಅವಳು ಕಲಿತಳು. ಹಾಲು ಕರೆಯುವುದು, ನೂರು ಜನರ ಅಡುಗೆ, ಬಾಣಂತನ ಎಲ್ಲವನ್ನೂ. ಪುಸ್ತಕ ಮಾತ್ರ ಅಲ್ಲಿಗೇ ನಿಂತಿತು. ‘ಮನೆಯಲ್ಲೇ ಕಲಿಯುವುದು’ ಅನ್ನುವ ಮಾತು ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳ ಪಾಲಿಗೆ ಬೀಗವಾಯಿತು ಅನ್ನುವುದು ಈ ಊರಿನವರಿಗೆ ಗೊತ್ತಾಗುವುದಿಲ್ಲ. ಜಾತಿಯ ಮಾತೂ ಉಂಟು. ನಾನು ಬೇರೆ ಕೇರಿಯ ಹುಡುಗರ ಪಕ್ಕ ಒಂದೇ ಮಣೆಯ ಮೇಲೆ ಕೂತದ್ದು ಶಾಲೆಯಲ್ಲಿ. ಮನೆ ಅದನ್ನು ಕಲಿಸುತ್ತಿರಲಿಲ್ಲ, ಕಲಿಸಲೂ ಬಿಡುತ್ತಿರಲಿಲ್ಲ. 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಮ್ಮ ಶಿಕ್ಷಣ ಹಕ್ಕು ಕಾಯ್ದೆ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೇ ಕರೆತರಬೇಕು ಅಂತ ಅಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅದು ಮನೆಯನ್ನು ಪೂರ್ತಿ ನಂಬುವುದಿಲ್ಲ. ನಂಬದಿದ್ದದ್ದೇ ಒಳ್ಳೆಯದಾಯಿತು.

ಬೆಂಗಳೂರಿನಲ್ಲೂ ಈಗ ಮನೆಪಾಠದ ಮನೆಗಳಿವೆ. ಅವರಲ್ಲಿ ಹಲವರ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ನೋಂದಾಯಿಸಿ ಹತ್ತನೇ ತರಗತಿ ಪರೀಕ್ಷೆ ಕಟ್ಟುತ್ತಾರೆ. ಒಬ್ಬರ ಸಂಬಳದಲ್ಲಿ ಮನೆ ನಡೆಯುವವರು, ಇಬ್ಬರೂ ಓದಿದವರು. ಎಲ್ಲರಿಗೂ ಎಟುಕುವ ಮಾತಲ್ಲ.

ಇನ್ನೊಂದು ತಕರಾರು. ಆ ವಾರ ಪೂರ್ತಿ ನಿಂತಿರುವುದು ಒಬ್ಬ ಹೆಂಗಸಿನ ಹೆಗಲ ಮೇಲೆ. ಗಂಡ ಒಳ್ಳೆಯವನೇ, ಶನಿವಾರ ಗೊಬ್ಬರ ಹೊರುತ್ತಾನೆ. ಆದರೆ ನೋಟರಿ, ಕಡತ, ರೊಟ್ಟಿ, ಭಾಗಾಕಾರ, ಕೋಳಿಯ ಕಾಲುನೋವು ಎಲ್ಲ ಆಕೆಯದೇ. ಒಮ್ಮೆ ಬೇಲಿ ಹತ್ತಿರ ಕೇಳಿದೆ, ‘ನಿಮಗೆ ಬೇಜಾರಾಗುವುದಿಲ್ಲವೇ?’ ‘ಆಗುತ್ತದೆ’ ಅಂದರು. ಅಷ್ಟೇ. ಸುಳ್ಳು ಹೇಳಲಿಲ್ಲ ಅನ್ನುವುದು ನನಗೆ ಹಿಡಿಸಿತು.

ನಗುವುದಕ್ಕೆ ನನಗೆ ಹಕ್ಕಿಲ್ಲ ಅಂತ ಗೊತ್ತಾದದ್ದು ಕನ್ನಡದ ವಿಷಯದಲ್ಲಿ. ಇಲ್ಲಿ ನನ್ನ ಮಗಳಿಗೆ ಗಣಿತ ಶಾಲೆಯಲ್ಲಿ ಸಿಗುತ್ತದೆ, ಇಂಗ್ಲಿಷ್ ಬೀದಿಯಲ್ಲೂ ಸಿಗುತ್ತದೆ. ಕನ್ನಡ ಮನೆಯಲ್ಲಿ ಸಿಗದಿದ್ದರೆ ಎಲ್ಲೂ ಸಿಗುವುದಿಲ್ಲ. ಅಂದರೆ ಒಂದು ವಿಷಯಕ್ಕೆ ನಾನೂ ಮನೆಪಾಠದವನೇ, ಒಪ್ಪಲಿ ಬಿಡಲಿ. ನಾನು ಹೇಗೆ ಮಾಡುತ್ತಿದ್ದೆ? ಭಾನುವಾರ ಸಂಜೆ ಒಂದು ಗಂಟೆ ಮೇಜಿನ ಮುಂದೆ ಕೂರಿಸಿ ಕಾಗುಣಿತ. ಅವಳು ಗಡಿಯಾರ ನೋಡುವುದು, ನಾನು ಗದರುವುದು. ನಮ್ಮಮ್ಮ ಹಾಕಿದ್ದ ಅದೇ ಗೋಡೆಯನ್ನು ಹೊತ್ತುಕೊಂಡು ಬಂದು ಇಲ್ಲಿ ಕಟ್ಟಿದ್ದೆ.

ಹೋದ ವರ್ಷ ಮೇಜು ಬಿಟ್ಟೆವು. ಸಸಿಗಳಿಗೆ ಹೆಸರಿನ ಕಡ್ಡಿ ನೆಡುವ ಕೆಲಸ ಅವಳದು, ಕನ್ನಡದಲ್ಲೇ ಬರೆಯಬೇಕು. ಬೆಂಡೆ, ಹೀರೆ, ಮೂಲಂಗಿ ಸರಿ ಬಂತು. ‘ಕೊತಂಬರಿ’ಯ ಒತ್ತು ಎಲ್ಲೋ ಹೋಗಿತ್ತು. ತಿದ್ದಲಿಲ್ಲ. ಮಳೆಗೆ ಅಳಿಸಿದ ಮೇಲೆ ಎರಡನೇ ಸಲ ಬರೆಯುವಾಗ ಅವಳೇ ಅಮ್ಮನನ್ನು ಕೇಳಿ ಒತ್ತು ಹಾಕಿದಳು.

ಆ ಬೇಸಿಗೆಯಲ್ಲೇ ಬೇಲಿಯಾಚೆಯವರಿಗೆ ಕತ್ತಿಯ ಕಥೆ ಹೇಳಿದ್ದು. ಹುಡುಗನ ಅಮ್ಮ, ನೀವೇ ಬಂದು ತೋರಿಸಿ ಅಂದರು. ಸ್ವಲ್ಪ ಮೈಲುತುತ್ತ ತರಿಸಿದೆ. ಗಾಜಿನ ಜಾಡಿಯಲ್ಲಿ ಕರಗಿಸಿದಾಗ ನೀರು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ಮಕ್ಕಳ ಕೈಗೆ ಗ್ಲೌಸ್. ಹುಡುಗ ಮರಳುಕಾಗದದಲ್ಲಿ ತಿಕ್ಕಿದ ಮೊಳೆಯನ್ನು ದಾರಕ್ಕೆ ಕಟ್ಟಿ ಇಳಿಸಿದ. ಎತ್ತಿದಾಗ ಅದ್ದಿದ ಅರ್ಧ ಕೆಂಪು, ಮೇಲಿನರ್ಧ ಹಾಗೇ. ಆಮೇಲೆ ಸುಣ್ಣದ ತಿಳಿ ಹಾಕುತ್ತಾ, ಒಂದೊಂದೇ ಹೊಸ ಮೊಳೆ ಇಳಿಸುತ್ತಾ ಹೋದೆವು. ನಾಲ್ಕನೆಯ ಮೊಳೆ ಕೆಂಪಾಗಲಿಲ್ಲ. ‘ಇದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೆ?’ ಅಂತ ಹುಡುಗ ಕೇಳಿದ. ಮಗಳು ಅವನ ನೋಟ್‌ಬುಕ್ಕಿನಲ್ಲಿ ‘ಮೈಲುತುತ್ತ’ ಅಂತ ಬರೆದುಕೊಟ್ಟಳು, ಒತ್ತು ಸಮೇತ. ಅವನ ಅಮ್ಮ ಆ ದಿನದ ಲೆಕ್ಕದಲ್ಲಿ ವಿಜ್ಞಾನ, ಒಂದೂವರೆ ಗಂಟೆ ಅಂತ ಗುರುತು ಹಾಕಿಕೊಂಡರು.

ಆ ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಕಬ್ಬಿಣ, ತಾಮ್ರ, ಹೊರದೂಡುವುದು, ಎಲ್ಲ. ಪೂರ್ತಿ ಕೇಳಿಸಿಕೊಂಡ.

‘ಅದಕ್ಕೆ ಇಷ್ಟೆಲ್ಲ ಯಾಕೋ ಮಾರಾಯ? ಕತ್ತಿ ಕೆಂಪಾದ್ರೆ ಸುಣ್ಣ ಸಾಲ್ಲಿಲ್ಲ ಅಂತ’ ಅಂದ. ಆಮೇಲೆ, ‘ಈ ಸಲ ಮಳೆ ಬೇಗ ಹಿಡಿದುಬಿಟ್ಟಿದೆ. ಕೊನೆಗೌಡ ಇನ್ನೂ ಬಂದಿಲ್ಲ’ ಅಂದ.