‘ಲಾಗ್ ಇನ್’ ಕ್ರಿಯಾಪದದ ಹಿಂದಿರುವ ಮರದ ತುಂಡು

ಬ್ಯಾಂಕಿನ ಆ್ಯಪ್‌ನಿಂದ ಹಿಡಿದು ಮಕ್ಕಳ ಪರೀಕ್ಷೆಯ ಫಲಿತಾಂಶದವರೆಗೆ ಎಲ್ಲದಕ್ಕೂ ನಾವು ಈಗ ‘ಲಾಗಿನ್’ ಆಗುತ್ತೇವೆ. ಇಂಗ್ಲಿಷಿನ ‘ಲಾಗ್ ಇನ್’ ಎಂಬ ಈ ಫ್ರೇಸಲ್ ವರ್ಬ್‌ಗೆ (‘ಇನ್’, ‘ಔಟ್’ನಂಥ ಚಿಕ್ಕ ಪದವೊಂದು ಜೊತೆಗೂಡಿದ ಕ್ರಿಯಾಪದಕ್ಕೆ) ‘ಒಳಗೆ ಪ್ರವೇಶಿಸು’ ಎಂದು ಅರ್ಥ ಹೇಳಿ ಮುಂದೆ ಸಾಗುವುದು ರೂಢಿಯಾಗಿದೆ. ದಿನನಿತ್ಯದ ವ್ಯವಹಾರಕ್ಕೆ ಈ ಅರ್ಥ ಸಾಕಾಗಬಹುದು. ಆದರೆ ಆ ಪದ ಹೊತ್ತು ತಂದಿರುವ ಮುಖ್ಯ ಸಂಗತಿಯೇ ಇದರಲ್ಲಿ ಬಿಟ್ಟುಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಲಾಗ್’ ಎಂದರೆ ಮೂಲತಃ ಮರದ ದಿಮ್ಮಿ. ಹಾಯಿಹಡಗುಗಳ ಕಾಲದಲ್ಲಿ ವೇಗವನ್ನು ಅಳೆಯಲು ನಾವಿಕರು ಹಗ್ಗ ಕಟ್ಟಿದ ಮರದ ತುಂಡೊಂದನ್ನು ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. 1574ರಲ್ಲಿ ಪ್ರಕಟವಾದ ವಿಲಿಯಂ ಬೋರ್ನ್‌ನ ನೌಕಾಯಾನ ಗ್ರಂಥದಲ್ಲಿಯೇ ಈ ಕ್ರಮದ ವಿವರಣೆಯಿದೆ. ಮುಂದೆ ಆ ತುಂಡು ಕಾಲುವೃತ್ತದ ಆಕಾರದ ಹಲಗೆಯಾಯಿತು. ಅದು ನೀರಿನಲ್ಲಿ ನೆಟ್ಟಗೆ ನಿಲ್ಲಲೆಂದು ದುಂಡಗಿನ ಅಂಚಿಗೆ ಸೀಸದ ಭಾರವನ್ನು ಕೂಡಿಸಿದರು. ಹಲಗೆ ನೀರಿನಲ್ಲಿ ಬಹುತೇಕ ನಿಂತಲ್ಲೇ ನಿಲ್ಲುತ್ತಿತ್ತು, ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. 47 ಅಡಿ 3 ಅಂಗುಲಕ್ಕೊಂದರಂತೆ ಹಾಕಿದ ಗಂಟುಗಳಲ್ಲಿ, 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಕೈಯಿಂದ ಜಾರಿಹೋದವು ಎಂದು ಎಣಿಸಿದರೆ ಅದೇ ಹಡಗಿನ ವೇಗ. ಹಡಗು ಮತ್ತು ವಿಮಾನಗಳ ವೇಗವನ್ನು ಇಂದಿಗೂ ‘ನಾಟ್’ ಎಂಬ ಮಾನದಲ್ಲಿ, ಅಂದರೆ ಗಂಟುಗಳ ಲೆಕ್ಕದಲ್ಲಿಯೇ, ಹೇಳುವುದು ಇದರಿಂದ. ಒಂದು ನಾಟ್ ಎಂದರೆ ಗಂಟೆಗೆ 1,852 ಮೀಟರ್.

ಹೀಗೆ ಎಣಿಸಿದ ಸಂಖ್ಯೆಯನ್ನು ಬರೆದಿಡುವ ಪುಸ್ತಕಕ್ಕೆ ‘ಲಾಗ್ ಬುಕ್’ ಎಂಬ ಹೆಸರು ಬಂದಿತು. ಕಾಲಕ್ರಮದಲ್ಲಿ ಗಾಳಿಯ ದಿಕ್ಕು, ಸಾಗಿದ ದೂರ, ನಡೆದ ಅವಘಡಗಳೆಲ್ಲ ಅದರಲ್ಲಿ ಸೇರಿದವು. ನಮ್ಮ ಸರ್ಕಾರಿ ಜೀಪುಗಳ ಚಾಲಕರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹೊರಟ ಹೊತ್ತು, ಓಡಿದ ಕಿಲೋಮೀಟರು, ಪ್ರಯಾಣದ ಉದ್ದೇಶಗಳನ್ನು ಬರೆದು ಅಧಿಕಾರಿಯ ರುಜು ಪಡೆಯುವ ಆ ಪುಸ್ತಕವನ್ನು ಅವರು ಕರೆಯುವುದೂ ಲಾಗ್ ಬುಕ್ ಎಂದೇ.

ಇನ್ನು ‘ಇನ್’ ಎಂಬುದರ ವಿಚಾರ. ‘ಕಮ್ ಇನ್’ ಎಂದಾಗ ಮನುಷ್ಯನೇ ಒಳಗೆ ಬರುತ್ತಾನೆ, ‘ರೈಟ್ ಇನ್’, ‘ಸೈನ್ ಇನ್’ ಎಂದಾಗ ಒಳಗೆ ಸೇರುವುದು ಅವನ ಬರಹ, ಅವನ ಹೆಸರು. ‘ಲಾಗ್ ಇನ್’ ಈ ಎರಡನೆಯ ಗುಂಪಿನದು. ಕಾರ್ಖಾನೆಗಳಲ್ಲಿ ಹಾಜರಿ ಗಡಿಯಾರಗಳು ಬಂದ ಮೇಲೆ ಬಳಕೆಗೆ ಬಂದ ‘ಕ್ಲಾಕ್ ಇನ್’ ಕೂಡ ಇದೇ ಜಾತಿಗೆ ಸೇರಿದೆ. ಅಂಥ ಗಡಿಯಾರಗಳನ್ನು ತಯಾರಿಸುತ್ತಿದ್ದ ಕಂಪನಿಯೊಂದು 1911ರಲ್ಲಿ ಬೇರೆ ಕಂಪನಿಗಳೊಡನೆ ಒಂದುಗೂಡಿತು. ಆ ಸಂಸ್ಥೆಯೇ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರದರ್ಶಿಸಿದ, ಒಂದೇ ಕಂಪ್ಯೂಟರನ್ನು ಹಲವರು ಏಕಕಾಲದಲ್ಲಿ ಹಂಚಿಕೊಳ್ಳುವ ‘ಸಿಟಿಎಸ್‌ಎಸ್’ ವ್ಯವಸ್ಥೆ ನಡೆದದ್ದು ಅದೇ ಐಬಿಎಂ ಯಂತ್ರದ ಮೇಲೆ. ಅಲ್ಲಿ ಕೆಲಸ ಆರಂಭಿಸುವವರು ‘ಲಾಗಿನ್’ ಎಂಬ ಆದೇಶದೊಡನೆ ತಮ್ಮ ಗುರುತನ್ನು ಟೈಪ್ ಮಾಡಬೇಕಿತ್ತು. ಯಂತ್ರದ ಸಮಯ ಆಗ ಬಹಳ ದುಬಾರಿಯಾಗಿದ್ದುದರಿಂದ ಯಾರು ಎಷ್ಟು ಬಳಸಿದರೆಂಬ ಲೆಕ್ಕ ಇಡುವುದು ಅನಿವಾರ್ಯವಾಗಿತ್ತು.

1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ವಿದ್ಯಾರ್ಥಿಯೊಬ್ಬ ನೂರಾರು ಮೈಲಿ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಕಳುಹಿಸಲು ಹೊರಟದ್ದೂ ಇದೇ ಪದವನ್ನು. ಎರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕೈಕೊಟ್ಟಿತು. ಕುಳಿತಲ್ಲಿಂದ ಕದಲದೆ ದೂರದ ದಾಖಲೆಯಲ್ಲಿ ಹೆಸರು ಸೇರಿಸಲು ನಡೆದ ಆ ಪ್ರಯತ್ನದಲ್ಲಿ ‘ಇನ್’ ಎಂಬುದರ ಅರ್ಥ ಎಷ್ಟು ಸ್ಪಷ್ಟವಾಗಿದೆ!

ಶಾಲೆಗಳಲ್ಲಿ ಫ್ರೇಸಲ್ ವರ್ಬ್‌ಗಳನ್ನು ಎಡಕ್ಕೆ ಪದ, ಬಲಕ್ಕೆ ಅರ್ಥ ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದು ಕ್ರಿಯಾಪದದ ಹಿಂದಿನ ಕೆಲಸವನ್ನು ತೋರಿಸಿಕೊಟ್ಟರೆ ಮಕ್ಕಳು ಅದೇ ಜಾತಿಯ ಇನ್ನು ನಾಲ್ಕನ್ನು ತಾವಾಗಿಯೇ ಗುರುತಿಸಬಲ್ಲರು. ದೊಡ್ಡವರಿಗೂ ಇದರಿಂದ ಉಪಯೋಗವಿದೆ. ಪಾಸ್‌ವರ್ಡನ್ನು ಪರಿಚಯದವರಿಗೆಲ್ಲ ಹೇಳಿಕೊಡುವವರು, ಸೈಬರ್ ಸೆಂಟರಿನಲ್ಲಿ ‘ಲಾಗ್ ಔಟ್’ ಮಾಡದೆ ಎದ್ದು ಬರುವವರು ತಮ್ಮ ಹೆಸರಿನ ಪುಟವನ್ನು ತೆರೆದಿಟ್ಟೇ ಬರುತ್ತಾರೆ; ಆಮೇಲೆ ಆ ಕುರ್ಚಿಯಲ್ಲಿ ಕುಳಿತವರು ಏನೇ ಮಾಡಿದರೂ ದಾಖಲಾಗುವುದು ಇವರ ಲೆಕ್ಕಕ್ಕೆ.