ಸತ್ಯಾಂಶ: ಬಿಪಿ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತದೆಯೇ?

‘ಶುಗರ್ ಇರುವವರು ಬಿಪಿ ಮಾತ್ರೆ ನುಂಗಿದರೆ ಕಿಡ್ನಿ ಹಾಳು, ಶುಗರ್ ಇಳಿಸಿದರೆ ಸಾಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು, ನಂಬಿದವರಿಗೆ ಅಪಾಯ ಕೂಡ.

ಕಿಡ್ನಿಯಲ್ಲಿ ರಕ್ತ ಸೋಸುವುದು ಅತಿ ಸಣ್ಣ ರಕ್ತನಾಳಗಳ ಗೊಂಚಲು. ಹೆಚ್ಚಿದ ಸಕ್ಕರೆ ಅವುಗಳ ಗೋಡೆಯನ್ನು ಕೆಡಿಸುತ್ತದೆ, ಏರಿದ ರಕ್ತದೊತ್ತಡವೂ ಅದೇ ಗೋಡೆಗೆ ಪೆಟ್ಟು ಕೊಡುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರತೊಡಗುತ್ತದೆ. ಕಿಡ್ನಿ ಸೊರಗಿದಂತೆ ಉಪ್ಪು, ನೀರು ಮೈಯಲ್ಲೇ ಉಳಿದು ಬಿಪಿ ಮತ್ತಷ್ಟು ಏರುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂತಹ ಬಿಪಿ ಮಾತ್ರೆಗಳು ಈ ಸೋರಿಕೆಯನ್ನು ತಗ್ಗಿಸುತ್ತವೆ. ಶುರುವಿನಲ್ಲಿ ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕುವ, ರಕ್ತದಲ್ಲಿನ ಒಂದು ತ್ಯಾಜ್ಯ) ತುಸು ಏರಬಹುದು (ಗಾಬರಿ ಹುಟ್ಟುವುದು ಬಹುಶಃ ಇಲ್ಲಿಂದಲೇ). ಅದಕ್ಕೇ ವೈದ್ಯರು ಮತ್ತೆ ರಕ್ತಪರೀಕ್ಷೆ ಮಾಡಿಸುತ್ತಾರೆ.

1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟ ಟೈಪ್ 2 ಮಧುಮೇಹಿಗಳಲ್ಲಿ, ಅಷ್ಟು ಬಿಗಿಯಾಗಿ ಇಡದವರಿಗಿಂತ ಪಾರ್ಶ್ವವಾಯು ಶೇ 44ರಷ್ಟು ಕಡಿಮೆಯಿತ್ತು. ಮಾತ್ರೆಯ ಬಗ್ಗೆ ಅನುಮಾನವಿದ್ದರೆ ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಿ.